ಕಳೆದ ಚಂದ್ರನ ಜಾಗ

"ಮಾಸ್ತರ, ಈ ಅಂಚಿನ ಚಂದ್ರ ಎಲ್ಲಾ ಉಲ್ಟಾ ತಿರುಗಬೇಕ್ರಿ. ಬಾಣ ತಪ್ಪು ಬರದೀರಿ."

ಅಮಸಿದ್ದ ಕುಂಚ ಎತ್ತಿ ಶೇವಂತೆವ್ವನನ್ನು ನೋಡಿದ. ೧೯೭೬ರ ಮಾತು; ಸಿಂದಗಿಯ ಆ ಹೈಸ್ಕೂಲಿನಲ್ಲಿ ಅವನು ಡ್ರಾಯಿಂಗ್ ಮಾಸ್ತರ, ಅವಳು ವಿಜ್ಞಾನದ ಟೀಚರು. ನಡುವೆ ಗುರುಗ್ರಹ ಮತ್ತು ಅದರ ಹದಿಮೂರು ಚಂದ್ರರ ಪಟ.

"ಎಲ್ಲಾರೂ ಒಂದ ಕಡೆ ಹೊಂಟಾಗ ಇವಕ್ಯಾಕ ಇಷ್ಟು ಸೊಕ್ಕರಿ ಅಕ್ಕೋರ?"

"ಇವು ಗುರುವಿನ ಮನ್ಯಾಗ ಹುಟ್ಟಿದುವಲ್ರಿ. ಎಲ್ಲೋ ಅಡ್ಡಾಡತಿದ್ದುವು, ಸಿಕ್ಕೊಂಡಾವು. ಭಾಳ ದೂರ ಅದಾವು, ಬಿಟ್ಟು ಹೋಗೂದಿಲ್ಲ."

"ಹಂಗಾದ್ರ ಇವು ನಮ್ಮ ಕುರುಬರ ಮಂದೀನ ಬಿಡ್ರಿ," ಅಮಸಿದ್ದ ನಕ್ಕ. "ಹದಿನಾಲ್ಕನೇದು ಎಲ್ಲೈತಿ?"

"ಹೋದ ವರ್ಷ ಕಂಡಿತ್ತಂತ. ದಾರಿ ಗೊತ್ತಾಗೂದ್ರಾಗ ಕಳದುಹೋತು."

"ಕಳದದ್ದಕ್ಕೂ ಜಾಗಾ ಬಿಡ್ತೇನಿ." ಮೂಲೆಯಲ್ಲಿ ಒಂದಿಷ್ಟು ಬರಿದು ಬಿಟ್ಟ.

ಅವಳ ನಗು ಆರಿತು. "ಸೋಮವಾರ ಸೋದರಮಾವ ಬಂದು ಉಡಿ ತುಂಬಿ ನನ್ನ ಲಗ್ನ ಗಟ್ಟಿ ಮಾಡತಾನ್ರಿ. ಆಮ್ಯಾಲ ನನ್ನ ಕೈಯಾಗ ಏನೂ ಇರೂದಿಲ್ಲ. ಅದರೊಳಗ ಬಂದು ಅಪ್ಪನ್ನ ಕೇಳ್ರಿ. ನನಗ ಕೇಳಾಕ ಬಾಯಿ ಬರೂದಿಲ್ಲ."

ರವಿವಾರ ಅಮಸಿದ್ದ ತಾಯಿ ರೇವವ್ವನೊಡನೆ ಶೇವಂತೆವ್ವನ ಮನೆಗೆ ಬಂದ. ಹೆಣ್ಣು ಕೇಳಲು ಹೋಗುವಾಗ ಸ್ವಂತ ಕುರಿಯ ಉಣ್ಣೆಯ ಹೊಸ ಕಂಬಳಿ ಒಯ್ಯುವುದು ಅವರ ಮನೆತನದ ಪದ್ಧತಿ. ಮುದುಕಿ ಅದನ್ನು ಮಡಿಲ ಮೇಲಿಟ್ಟುಕೊಂಡು, ರೂಢಿಯಂತೆ ಹೊರಗಿನ ಕಟ್ಟೆಯಲ್ಲೇ ಕುಳಿತಳು. ಪ್ರತಿ ವರ್ಷ ಕಂಬಳಿ ಮಾರುವವರು ಕೂಡುವ ಕಟ್ಟೆ ಅದು.

ಶೇವಂತೆವ್ವನ ಅಪ್ಪ ಶ್ರೀಶೈಲಪ್ಪ ಅವಳ ಪಕ್ಕ ಪ್ಯಾಂಟು ತೊಟ್ಟು ನಿಂತ ಅಮಸಿದ್ದನನ್ನು ಗಮನಿಸಲಿಲ್ಲ. ಕಂಬಳಿಯ ಅಂಚು ಹಿಡಿದು ತಿಕ್ಕಿ ನೋಡಿದ.

"ಭಾರೀ ಛಲೋ ಐತಲ್ಲವಾ! ನಾಳೆ ಮನ್ಯಾಗ ಕಾರ್ಯ ಐತಿ, ಹೇಳಿಕಳಿಸಿದಂಗ ಬಂದಿ. ಕಂಬಳಿಗೆ ಬದಲಿ ಜೋಳ ಹಾಕಸ್ಲೇನು?"

ರೇವವ್ವ ಮಗನ ಮುಖ ನೋಡಿದಳು. ಮಗ ಒಳಬಾಗಿಲು ನೋಡಿದ. ಬಾಗಿಲ ಹಿಂದೆ ಶೇವಂತೆವ್ವನ ಬಳೆಗಳ ಸಪ್ಪಳವಾಯಿತು. ಯಾರಾದರೂ ಒಂದು ಮಾತು ಆಡಿದ್ದರೆ ಸಾಕಿತ್ತು.

"ತಗೋರಿ ಗೌಡ್ರ," ಎಂದಳು ಮುದುಕಿ ಕೊನೆಗೆ. "ನಿಮ್ಮ ಮನಿಗೇ ತಂದಿದ್ದು."

ಅಪ್ಪ ರೇವವ್ವನ ಉಡಿಗೆ ಜೋಳ ಸುರಿಸಿದ.

ಮರುದಿನ ಅದೇ ಕಂಬಳಿ ಹಾಸಿ ಶೇವಂತೆವ್ವನನ್ನು ಕೂಡಿಸಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಸಿನಕೊಂಬು ಉಡಿಗೆ ಬಿದ್ದವು. ಸೀರೆಯೊಳಗಿಂದ ಉಣ್ಣೆ ಚುಚ್ಚುತ್ತಲೇ ಇತ್ತು.

ಶೇವಂತೆವ್ವ ರಾಜೀನಾಮೆ ಕೊಡಲು ಶಾಲೆಗೆ ಹೋದಾಗ ಪಟ ಗೋಡೆಗೇರಿತ್ತು. ಅಂಚಿನ ಬಾಣಗಳನ್ನೆಲ್ಲ ಅಮಸಿದ್ದ ತಿದ್ದಿದ್ದ. ಮೂಲೆ ಬರಿದಾಗಿಯೇ ಇತ್ತು.

"ಯಾಕ ಸುಮ್ಮನಾದ್ರಿ?" ಅವಳು ಕೇಳಿದಳು.

"ಬಾಗಲ ಹಿಂದ ನಿಮ್ಮ ಕೈಬಳಿ ಸಪ್ಪಳ ಕೇಳ್ತು. ಈಗ ಮಾತೂ ಕೇಳ್ತೈತಿ ಅಂತ ಕಾದೆ."

ಅವಳು ಪಟದ ಬರಿದು ಮೂಲೆಯ ಮೇಲೆ ಬೆರಳಿಟ್ಟಳು. ಅವನೇ ಕೇಳಿದ:

"ಕಂಬಳಿ ಚುಚ್ಚತೈತೇನ್ರಿ?"

"ಹೂಂ."

"ಹೊಸಾದು ಹಂಗ. ಹೊದ್ದಂಗೆಲ್ಲ ಮೆತ್ತಗಾಗತೈತಿ."

"ಮೆತ್ತಗಾಗೂದು ಬ್ಯಾಡ," ಎಂದಳು ಶೇವಂತೆವ್ವ.