ವಿಳಾಸ ಓದದ ಕಾಗದ

"ತಾರೀಕು ಯಾಕೆ ಗೊತ್ತು ಮಾಡ್ಬೇಕು? ಈ ವರ್ಷ ಮುಗಿಯೋದ್ರೊಳಗೆ ಲೋಕವೇ ಮುಗಿಯುತ್ತೆ," ಎಂದರು ಮಾವ, ಚಹಾಕ್ಕೆ ಸಕ್ಕರೆ ಸಾಲದು ಎನ್ನುವಷ್ಟು ನಿರಾಳವಾಗಿ.

ಲೋಟವನ್ನು ತುಟಿಯವರೆಗೆ ಒಯ್ದಿದ್ದ ಬೀಗಿತ್ತಿ ಅದನ್ನು ಹಾಗೆಯೇ ಕೆಳಗಿಟ್ಟರು. ಅವರದು ಬೇಕರಿ ನಡೆಸುವ ಮನೆತನ. ಮದುವೆಯ ದಿನ ಗೊತ್ತುಮಾಡಲು ಬರುವಾಗ ತಾವೇ ಮಾಡಿದ ದೊಡ್ಡ ಕೇಕನ್ನು ಹೊತ್ತು ತಂದಿದ್ದರು. ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಮದುವೆಯ ಹುಡುಗಿ, ಅಂದರೆ ನಾದಿನಿ, ಪಕ್ಕದಲ್ಲಿದ್ದ ಅತ್ತಿಗೆಯ, ಈ ಮನೆಯ ಸೊಸೆಯ, ತೋಳನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದುಕೊಂಡಳು. ಮಾವ ಎದ್ದು, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತು ಹಾಕಿದ್ದ ದಿನವನ್ನು ತೋರಿಸಿ, ಅಂದು ಆಕಾಶವೇ ಸುರುಳಿಯಂತೆ ಸುತ್ತಿಕೊಳ್ಳುವುದೆಂದೂ, ಸುಮ್ಮನೆ ಹಾಲ್ ಬುಕ್ ಮಾಡಿ ತಾಪತ್ರಯ ಪಡಬಾರದೆಂದೂ ಬೀಗರಿಗೆ ತಿಳಿಹೇಳಿದರು. ಬೀಗರು ಮರ್ಯಾದಸ್ಥರು, ಜಗಳಕ್ಕೆ ನಿಲ್ಲಲಿಲ್ಲ. ಭಾನುವಾರದೊಳಗೆ ಮನಸ್ಸು ಬದಲಾದರೆ ಹೇಳಿಕಳಿಸಿ, ಇಲ್ಲದಿದ್ದರೆ ಹುಡುಗನಿಗೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಕೇಕು ಮೇಜಿನ ಮೇಲೆಯೇ ಉಳಿಯಿತು. ನಾದಿನಿ ಪಾತ್ರೆ ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು... ತೊಳೆಯಲು ಅಲ್ಲಿ ಒಂದು ಚಮಚವೂ ಇರಲಿಲ್ಲ!

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದಂದಿನಿಂದ ನಾದಿನಿಯನ್ನು ಅವಳು ತಂಗಿಯಂತೆ ಕಂಡವಳು. ಗಂಡನಿಗೆ ಹೇಳಿ ಪ್ರಯೋಜನವಿರಲಿಲ್ಲ. ಇಡೀ ಬಸ್ಸನ್ನು ಸಂತೆಯ ಸಂದಣಿಯಲ್ಲಿ ನುಗ್ಗಿಸುವ ಆ ಚಾಲಕ ಅಪ್ಪನ ಮುಂದೆ ಮಾತ್ರ ಬೆಕ್ಕಿನ ಮರಿ. ಮಾವನೇನು ಮೊದಲಿಂದ ಹೀಗಿದ್ದವರಲ್ಲ. ನಲವತ್ತು ವರ್ಷ ಊರಿಗೆಲ್ಲ ಟಪಾಲು ಹಂಚಿದವರು, ಒಂದೇ ಒಂದು ಕಾಗದವನ್ನೂ ತಪ್ಪು ಮನೆಗೆ ಕೊಟ್ಟವರಲ್ಲ. ಎರಡು ವರ್ಷದ ಹಿಂದೆ ಅತ್ತೆ ತೀರಿಕೊಂಡ ಮೇಲೆ ಬೈಬಲ್ಲಿನ ಕೊನೆಯ ಭಾಗ ಹಿಡಿದು ಕೂತರು, ಕೂತವರು ಏಳಲೇ ಇಲ್ಲ. ಅದರಲ್ಲಿ ಬರುವ ಏಳು ತಲೆಯ ಮೃಗ ಯಾರು ಎಂಬುದೇ ದಿನವಿಡೀ ಚಿಂತೆ. ಮೊದಲು ಯಾವುದೋ ದೇಶದ ಅಧ್ಯಕ್ಷ ಎಂದರು. ಅವನು ಚುನಾವಣೆಯಲ್ಲಿ ಸೋತ ಮೇಲೆ ವಿದ್ಯುತ್ ಕಂಪನಿಯ ಮುಖ್ಯಸ್ಥನ ಮೇಲೆ ಕಣ್ಣುಬಿತ್ತು. ಹೋದ ತಿಂಗಳಿಂದ ಅನುಮಾನವೆಲ್ಲ ಎದುರುಮನೆಯ ಹಲ್ಲಿನ ಡಾಕ್ಟರ ಮೇಲೆ, ಪಾಪ, ಅವರು ಸಿಕ್ಕಾಗಲೆಲ್ಲ ಮಾವನಿಗೆ ನಮಸ್ಕಾರ ಹೇಳುತ್ತಲೇ ಇದ್ದರು.

ಸೊಸೆ ಶಾಲೆಯಲ್ಲಿ ಇತಿಹಾಸದ ಟೀಚರು. ಮಾರನೆಯ ದಿನ ಸಂಜೆ ಬರುವಾಗ, ತರಗತಿಯಲ್ಲಿ ತೂಗುಹಾಕುವ ರೋಮ್ ಸಾಮ್ರಾಜ್ಯದ ಹಳೆಯ ಭೂಪಟವನ್ನು ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಬಂದಳು. ಜಗಳಕ್ಕೆಂದೇ ಬಂದವಳು ಅವಳು. ಆದರೆ ಮಾವ ಮೇಜಿನ ಮುಂದೆ, ತಿನ್ನದ ಕೇಕಿನ ಪಕ್ಕದಲ್ಲಿ, ಮುದುರಿಕೊಂಡು ಕೂತದ್ದನ್ನು ಕಂಡಾಗ ದನಿ ತಾನಾಗಿ ತಗ್ಗಿತು.

"ಮಾವ, ಒಂದು ಕಾಗದ ಕೈಗೆ ಬಂದ್ರೆ ನೀವು ಮೊದಲು ಏನು ನೋಡ್ತಿದ್ರಿ?"

"ವಿಳಾಸ. ಇನ್ನೇನು ನೋಡ್ತಾರೆ?"

"ನೀವು ಎರಡು ವರ್ಷದಿಂದ ಓದ್ತಿರೋದೂ ಒಂದು ಕಾಗದಾನೇ ಅಲ್ವಾ? ಅದರ ವಿಳಾಸ ಓದಿ."

ಮಾವ ಕೆರಳಿದರು. ಆದರೂ ಕಸುಬಿನ ಮಾತು ಬಂದಾಗ ಸುಮ್ಮನಿರಲಾಗದೆ ಪುಟ ತಿರುವಿದರು. ದ್ವೀಪವೊಂದಕ್ಕೆ ಗಡಿಪಾರಾದವನು ಏಳು ಊರಿನ ಕ್ರೈಸ್ತ ಸಭೆಗಳಿಗೆ ಬರೆದದ್ದೆಂದು ಅಲ್ಲಿ ಸ್ಪಷ್ಟವಾಗಿಯೇ ಇತ್ತು. ಸೊಸೆ ಭೂಪಟ ಹರಡಿ, ಅಲ್ಲಿ ಬರೆದಿರುವ ವರಸೆಯಲ್ಲೇ ಆ ಊರುಗಳನ್ನು ಹುಡುಕಲು ಹೇಳಿದಳು. ಮಾವನ ಬೆರಳು ಎಫೆಸದ ಬಂದರಿನಿಂದ ಹೊರಟು ಸ್ಮುರ್ನದ ದಾರಿಯಲ್ಲಿ ಉತ್ತರಕ್ಕೆ ಪೆರ್ಗಮದವರೆಗೆ ಏರಿತು. ಅಲ್ಲಿಂದ ಒಳನಾಡಿಗೆ ತಿರುಗಿ, ಒಂದೊಂದೇ ಊರು ಮುಟ್ಟುತ್ತ ಲವೊದಿಕೀಯಕ್ಕೆ ಇಳಿಯಿತು. ಒಂದು ಊರನ್ನೂ ಹಾರಿಸಲಿಲ್ಲ, ಎಲ್ಲಿಯೂ ಹಿಂದೆ ಬರಬೇಕಾಗಲಿಲ್ಲ. ಅವರು ಮತ್ತೊಮ್ಮೆ ಬೆರಳಾಡಿಸಿ ನೋಡಿದರು.

"ಇದು ಬೀಟು," ಎಂದರು ಮೆಲ್ಲಗೆ. "ಕಾಗದ ಹೊತ್ತೋನು ನಡೆಯೋ ದಾರಿ ಇದು... ನಾನಾಗಿದ್ರೂ ಹೀಗೇ ಹೋಗ್ತಿದ್ದೆ."

ಆಮೇಲೆ ಸೊಸೆ ಒಂದೊಂದಾಗಿ ಬಿಡಿಸಿ ಹೇಳಿದಳು. ಆ ಏಳು ಊರಿನ ಸಭೆಯವರು ರೋಮಿನ ಚಕ್ರವರ್ತಿಯನ್ನು ದೇವರೆಂದು ಪೂಜಿಸಲು ಒಲ್ಲದ ಬಡಪಾಯಿಗಳು. ಒಲ್ಲೆವೆಂದವರಿಗೆ ಪೇಟೆಯಲ್ಲಿ ವ್ಯಾಪಾರವಿಲ್ಲ, ಕೆಲವರಿಗೆ ಪ್ರಾಣವೂ ಇಲ್ಲ. ದೊರೆಯ ಹೆಸರನ್ನು ಬಹಿರಂಗವಾಗಿ ಬರೆದರೆ ಓದಿದವರ ತಲೆ ಹೋಗುತ್ತಿತ್ತು. ಅದಕ್ಕೇ ಅವನನ್ನು ಮೃಗವೆಂದದ್ದು, ಏಳು ಗುಡ್ಡದ ಮೇಲಿನ ಅವನ ರಾಜಧಾನಿಯನ್ನು ಏಳು ತಲೆಯೆಂದದ್ದು. ಹೆಸರಿನ ಬದಲು ಕೊಟ್ಟ ಆರುನೂರ ಅರವತ್ತಾರು ಎಂಬ ಅಂಕಿಯೂ ಆ ಕಾಲದಲ್ಲೇ ಸತ್ತುಹೋದ ಒಬ್ಬ ಚಕ್ರವರ್ತಿಗೆ ಹೊಂದುತ್ತದೆಂದು ಬಲ್ಲವರು ಅನೇಕರು ಹೇಳುತ್ತಾರೆ. ಬೇಗನೆ ಆಗುತ್ತದೆ, ತಾಳಿಕೊಳ್ಳಿ ಎಂದದ್ದು ಅವರಿಗೆ.

ಮಾವ ತಲೆದೂಗಿದರು. ಪೋಸ್ಟ್‌ಕಾರ್ಡಿನಲ್ಲಿಯೂ ಜನ ಹೀಗೇ ಸುತ್ತಿ ಬಳಸಿ ಬರೆಯುತ್ತಿದ್ದರೆಂದು ಒಪ್ಪಿಕೊಂಡರು. ಅದು ನಿಮಗೆ ಹೇಗೆ ಗೊತ್ತೆಂದು ಸೊಸೆ ಕೇಳಿದ್ದಕ್ಕೆ, ತೆರೆದ ಕಾರ್ಡು ಕಣ್ಣಿಗೆ ಬಿದ್ದರೆ ಏನು ಮಾಡುವುದು ಎಂದು ಸಿಡುಕಿದರು. ಹಾಗಾದರೆ ಹಲ್ಲಿನ ಡಾಕ್ಟರು? ಬರೀ ಹಲ್ಲಿನ ಡಾಕ್ಟರು ಮಾವ, ಎಂದಳು ಸೊಸೆ. ಅಡುಗೆಮನೆಯಲ್ಲಿ ನಾದಿನಿ ಕಿಸಕ್ಕನೆ ನಕ್ಕದ್ದು ಕೇಳಿಸಿತು.

ಆದರೆ ಮಾವ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಂಗೆ ಬಂದ ಕಾಗದ ಅಲ್ಲ ಅಂದ್ರೆ... ನಿಮ್ಮತ್ತೆ? ಸತ್ತವರೆಲ್ಲ ಏಳೋ ಆ ದಿನ ಅವಳೂ ಎದ್ದು ಬರ್ತಾಳೆ ಅಂತ ಒಂದೊಂದೇ ದಿನ ಎಣಿಸ್ತಿದ್ದೆ ಕಣಮ್ಮ. ಇನ್ನು ಎಷ್ಟು ಅಂತ ಎಣಿಸ್ಲಿ?"

ಇಷ್ಟು ದಿನ ಹಟವೆಂದುಕೊಂಡದ್ದು ಬರಿಯ ಹಂಬಲವಾಗಿತ್ತು! ಸೊಸೆ ಅವರ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು.

"ತಾರೀಕು ಆ ಕಾಗದದಲ್ಲಿಲ್ಲ ಮಾವ. ನಂಗೂ ಗೊತ್ತಿಲ್ಲ. ಆದ್ರೆ ಕಣ್ಣೀರು ಒರೆಸ್ತೀನಿ ಅಂತ ಅವರಿಗೆ ಕೊಟ್ಟ ಮಾತು ನಿಮ್ಮ ಪಾಲಿಗೆ ಸುಳ್ಳಾಗುತ್ತಾ? ಅಷ್ಟು ಕಷ್ಟದಲ್ಲೂ ಆ ಜನ ರೊಟ್ಟಿ ಸುಟ್ರು, ಮಕ್ಕಳನ್ನ ಹೆತ್ರು. ಅವರಿಗೆ ಕೊನೆಗೆ ತೋರಿಸಿರೋದು ಏನು ಗೊತ್ತಾ? ಒಂದು ಮದುವೆ. ಮದುವೆ ಊಟಕ್ಕೆ ಕರೆದಿದ್ದಾರೆ, ನೀವೇ ಓದಿ ನೋಡಿ."

ಮಾವ ಓದಿದರು. ಅವರ ಕಣ್ಣಿಂದ ಹನಿಗಳು ಪುಟದ ಮೇಲೆ ಬಿದ್ದವು. ಆಮೇಲೆ ಮೂಗು ಒರೆಸಿಕೊಂಡು, ಮಗಳನ್ನು ಕರೆದು, ಅವಳ ತಲೆಯನ್ನು ಎದೆಗೊತ್ತಿಕೊಂಡರು. ತಪ್ಪಾಯಿತು ಎನ್ನಲು ಬಾಯಿ ಬಾರದೆ, ಚಾಕು ತಾ, ಕೇಕು ಹಾಳಾಗುತ್ತದೆ ಎಂದರು. ಒಂದು ದಿನ ಹಳತಾದ ಆ ಕೇಕಿನಷ್ಟು ರುಚಿಯಾದದ್ದನ್ನು ಸೊಸೆ ಅದುವರೆಗೆ ತಿಂದಿರಲಿಲ್ಲ.

ಬಾಯಿ ಒರೆಸಿಕೊಂಡವರೇ ಮಾವ ಬೇಕರಿಗೆ ಹೊರಟರು. ಬ್ರೆಡ್ಡಿಗೆ ಕಾದು ನಿಂತ ಗಿರಾಕಿಗಳ ಎದುರಲ್ಲೇ ಬೀಗಿತ್ತಿಗೆ ಕೈಮುಗಿದು, ಲೋಕ ಸದ್ಯಕ್ಕೆ ಮುಗಿಯುವ ಹಾಗೆ ಕಾಣುವುದಿಲ್ಲ, ದಿನ ನೀವೇ ಹೇಳಿ ಎಂದರು. ಬೀಗಿತ್ತಿ ನಕ್ಕು ಸುಸ್ತಾಗಿ ಹಿಟ್ಟಿನ ಮೂಟೆಯ ಮೇಲೆ ಕೂತರು. ಮೂರು ವಾರದ ನಂತರದ ದಿನಕ್ಕೆ ಮದುವೆ ನಿಶ್ಚಯವಾಯಿತು.

ಮದುವೆಯ ದಿನ ಮಾವನ ಓಡಾಟ ಹೇಳತೀರದು. ಹೂವು ಕಟ್ಟಿದವರು ಯಾರು, ಎಷ್ಟು ಜನ ಉಂಡರು, ಯಾರು ಯಾರು ಅತ್ತರು, ಎಲ್ಲವನ್ನೂ ವಿಚಾರಿಸುತ್ತ ತಿರುಗಿದರು. ಕೊನೆಗೆ ಸೊಸೆಯನ್ನು ಮೂಲೆಗೆ ಕರೆದು, ಮಗಳು ಉಟ್ಟ ಬಣ್ಣಕ್ಕೆ ಏನೆನ್ನುತ್ತಾರೆಂದು ಕೇಳಿದರು. ತಿಳಿಗುಲಾಬಿ ಎಂದಳು ಅವಳು. ಅವರು ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡರು.

"ಯಾಕೆ ಮಾವ?"

"ನಾನು ಮೇಲಕ್ಕೆ ಹೋದ ತಕ್ಷಣ ನಿಮ್ಮತ್ತೆ ಮೊದಲು ಕೇಳೋದು ಇದನ್ನೇ. ಗೊತ್ತಿಲ್ಲ ಅಂದ್ರೆ ಒಳಗೆ ಸೇರಿಸ್ತಾಳಾ?"

ಸೊಸೆಯ ಕಣ್ಣು ತುಂಬಿತು. ಅವಸರವೇನಿಲ್ಲವಲ್ಲ ಎಂದು ಕೇಳಿದಳು.

"ಅವಸರ ಏನಮ್ಮ? ಮೊಮ್ಮಕ್ಕಳು ಯಾರ ಹಾಗಿದ್ದಾರೆ ಅಂತಲೂ ಕೇಳ್ತಾಳೆ. ಅದನ್ನೂ ನೋಡ್ಕೊಂಡೇ ಹೋಗ್ತೀನಿ," ಎಂದು ಮಾವ ಎರಡನೆಯ ಪಂಕ್ತಿಗೆ ಬಡಿಸುವವರ ಜೊತೆ ಸೇರಿಕೊಂಡರು.