ಟರ್ಬೈನ್ ಇಲ್ಲದ ಕೋಣೆ

ನಾರ್ಮಂಡಿಯಲ್ಲಿರುವ ನಮ್ಮ ಹಳೆಯ ರೈಲು ಹಿಂದೆ ವಿಮಾನದಂತೆ ಟರ್ಬೈನ್‌ನಿಂದ ಓಡುತ್ತಿತ್ತು. ಸೇವೆಯಿಂದ ತೆಗೆದಾಗ ಟರ್ಬೈನನ್ನು ಬಿಚ್ಚಿ ಒಯ್ದರು. ನಿವೃತ್ತ ರೈಲ್ವೆಯವರಾದ ನಾವು ನಾಲ್ವರು ಅದಕ್ಕೆ ಬಣ್ಣ ಬಳಿದು, ಬೇಸಿಗೆಯಲ್ಲಿ ಡೀಸೆಲ್ ಎಂಜಿನ್ ಕಟ್ಟಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದೆವು. ನಮ್ಮ ಪೈಕಿ ಅದನ್ನು ಟರ್ಬೈನ್ ಇದ್ದಾಗ ಓಡಿಸಿದ್ದವನು ಅರ್ಮೆಲ್ ಒಬ್ಬನೇ. ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ಜನವರಿಯ ಒಂದು ಮಧ್ಯಾಹ್ನ ಅವನ ಹೆಂಡತಿ ಮಾರಿವೊನ್ ಬಂದಳು. ಬಯಲಲ್ಲಿ ನಿಂತ ರೈಲಿನ ಮೇಲೆ ಹಿಮ ಗೇಣುದ್ದ ಕೂತಿತ್ತು. ಬರಿದಾದ ಟರ್ಬೈನ್ ಕೋಣೆಯನ್ನು ಒಮ್ಮೆ ನೋಡಬೇಕೆಂದಳು. ನಾನು ಬಾಗಿಲು ತೆರೆದುಕೊಟ್ಟೆ.

ಒಳಗೆ ಕಾದ ಎಣ್ಣೆಯ ವಾಸನೆಯಿತ್ತು. ಗೋಡೆಯ ತಗಡಿಗೆ ಕೈ ಇಟ್ಟವಳು ತಟ್ಟನೆ ಹಿಂತೆಗೆದಳು.

“ಬೆಚ್ಚಗಿದೆಯಲ್ಲೋ ಬ್ರಿಸ್. ಏನಾದ್ರೂ ಹಚ್ಚಿದ್ದೀರಾ?”

“ಇಲ್ಲಿ ಹಚ್ಚೋಕೆ ಏನಿದೆ ಹೇಳು?” ಎಂದೆ.

ನಾನೂ ಮುಟ್ಟಿದೆ. ನಿಜಕ್ಕೂ ಬೆಚ್ಚಗಿತ್ತು. ಎಲ್ಲಿಂದಲೋ, ಟರ್ಬೈನ್ ಶುರುವಾಗುವಾಗ ಕೇಳುವಂಥ ಸಣ್ಣ ಸಿಳ್ಳೆಯೊಂದು ಏರುತ್ತಾ ಹೋಗಿ ನಿಂತಿತು.

ಅವಳು ತಗಡಿಗೆ ಕೆನ್ನೆ ಒತ್ತಿದಳು. “ಮನೇಲಿ ಒಲೆಗೆ ಕಟ್ಟಿಗೆ ಹಾಕು ಅಂದ್ರೆ ಸೊಂಟ ನೋವು ಅಂತಿದ್ದ. ಇದನ್ನ ಮಾತ್ರ ಬೆಚ್ಚಗಿಟ್ಟಿದ್ದಾನೆ ನೋಡು,” ಎಂದು ನಕ್ಕಳು. ಆಮೇಲೆ ಬಹಳ ಹೊತ್ತು ಅತ್ತಳು.

ಹೊರಬಂದು ನೋಡಿದರೆ, ಆ ಕೋಣೆಯ ಚಾವಣಿಯ ಮೇಲಷ್ಟೇ ಹಿಮ ಕರಗಿ ನೀರು ತೊಟ್ಟಿಕ್ಕುತ್ತಿತ್ತು.

ಮಾರನೆಯ ದಿನವೂ ಅವಳು ಬಂದಳು. ಚಳಿಗಾಲ ಮುಗಿಯುವವರೆಗೆ ದಿನಾ ಬಂದು, ಕೈಗವಸು ಕಳಚಿ ಆ ಗೋಡೆಯನ್ನು ಮುಟ್ಟಿ, ನನ್ನ ಮುಖ ನೋಡದೆ ಹೋಗುತ್ತಿದ್ದಳು. ಅವಳು ಹೋದ ಮೇಲೆ ನಾನೂ ಮುಟ್ಟಿ ನೋಡುತ್ತಿದ್ದೆ. ತಗಡು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.