ಕೋಲು ಹೇಳಿದ ಆಳ

“ನಾನೇನು ಮುದುಕ ಆಗೇನೇನು?” ಮಲಕಪ್ಪ ನಗುತ್ತ ಬಿದಿರಿನ ಕೋಲನ್ನು ದಡದಲ್ಲೇ ಬಿಟ್ಟ. ಅವನ ಒಂದು ಕೈಯಲ್ಲಿ ಗಾಳ, ಇನ್ನೊಂದರಲ್ಲಿ ಎರೆಹುಳದ ಡಬ್ಬಿ ಇತ್ತು.

“ಕೋಲು ಮುದುಕರಿಗಷ್ಟ ಅಲ್ಲಪ್ಪಾ. ರೀಟಾನ ಊರಾಗ ಎಲ್ಲಾರೂ ಹಿಡ್ಕೊಂಡ ಹೊಳಿಗೆ ಇಳೀತಾರ,” ಎಂದಳು ಮಧುಮತಿ.

ಮಲಕಪ್ಪನಿಗೆ ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ ಕೆಲಸ. ಇವತ್ತು ರಜೆ. ಮಗಳ ಕ್ಲಾಸಿನ ರೀಟಾ ಮೀನು ಹಿಡಿಯಲು ಕರೆದಿದ್ದಳು. ಅಪ್ಪ, ಮಗಳು ಬಸ್ಸು ಹತ್ತಿ ಅವಳ ಊರಿಗೆ ಬಂದಿದ್ದರು.

ಹೊಳೆಯ ನಡುವೆ ದೊಡ್ಡ ಬಂಡೆಯೊಂದಿತ್ತು. ಮೀನು ಹೆಚ್ಚು ಸಿಗುವುದು ಅಲ್ಲೇ. ನೀರು ಮೊಣಕಾಲಿನಷ್ಟೇ ಇದ್ದರೂ ಸೆಳೆತ ಜೋರಾಗಿತ್ತು.

“ನೀರು ಬರೋ ಕಡೆ ಕೋಲು ಊರು,” ರೀಟಾ ಹಿಂದಿನಿಂದ ಹೇಳಿಕೊಟ್ಟಳು. “ಗಟ್ಟಿ ಐತೇನು ನೋಡು. ಆಮ್ಯಾಲೆ ಒಂದು ಕಾಲು. ಅದು ನಿಂತ ಮ್ಯಾಲೆ ಇನ್ನೊಂದು.”

ಮಧುಮತಿ ಹಾಗೆಯೇ ಮಾಡಿದಳು. ಟಕ್. ಕಲ್ಲು. ಒಂದು ಹೆಜ್ಜೆ. ಮತ್ತೆ ಟಕ್.

“ನೀವು ಹಿಂಗ ಹೋದ್ರ ಮೀನು ಗೋವಾ ಮುಟ್ತಾವ,” ಎನ್ನುತ್ತ ಮಲಕಪ್ಪ ಅವಳ ಪಕ್ಕಕ್ಕೆ ಬಂದ.

ಆಗ ಮಧುಮತಿಯ ಕೋಲು ಟಕ್ ಎನ್ನಲಿಲ್ಲ. ಅವಳ ಕೈ ಮುಳುಗುವವರೆಗೂ ಕೆಳಗೆ ಇಳಿಯಿತು.

“ಅಪ್ಪಾ, ನಿಲ್ಲು.”

ಎತ್ತಿದ ಕಾಲನ್ನು ಮಲಕಪ್ಪ ಹಿಂದಕ್ಕೆ ಎಳೆದುಕೊಂಡ. ಪಾಚಿಯ ಮೇಲೆ ಜಾರಿ ದೊಪ್ಪನೆ ನೀರಿನಲ್ಲಿ ಕುಳಿತ. ಎರೆಹುಳದ ಡಬ್ಬಿ ತೇಲುತ್ತ ಹೊರಟೇಹೋಯಿತು.

ಮಧುಮತಿ ಕೋಲನ್ನು ಗಟ್ಟಿಯಾಗಿ ಊರಿ ನಿಂತಳು. ಅಪ್ಪ ಅದೇ ಕೋಲನ್ನು ಹಿಡಿದು ಮೇಲೆದ್ದ.

“ಮಳಿಗೆ ಉಸುಕು ಕೊಚ್ಚಿ ಹೋಗಿ ಗುಂಡಿ ಬಿದ್ದೈತಿ ನೋಡ್ರಿ ಕಾಕಾ,” ಎಂದಳು ರೀಟಾ. ಆಮೇಲೆ ತಡೆಯಲಾಗದೆ ನಕ್ಕಳು. “ಮೀನಿಗೆ ಇವತ್ತು ಡಬ್ಬಿಗಟ್ಲೆ ಊಟ.”

ಮಲಕಪ್ಪನೂ ನಕ್ಕ. ಆದರೆ ಮಗಳ ಹೆಗಲ ಮೇಲಿಟ್ಟ ಕೈ ತೆಗೆಯಲಿಲ್ಲ.

“ಅಪ್ಪಾ, ನಿನಗ ಈಜು ಬರ್ತೈತೇನು?”

“ನಾ ಬೆಳದ ಊರಾಗ ಈಜೂವಷ್ಟು ನೀರು ಎಲ್ಲಿತ್ತವ್ವಾ.”

“ಮತ್ತ ಯಾಕ ಹೇಳ್ಲಿಲ್ಲ?”

“ನೀ ಭಾಳ ಖುಷೀಲೆ ಹೊಂಟಿದ್ದಿ.”

“ದಡಕ್ಕ ಹೋಗೂಣು ಬರ್ರಿ ಕಾಕಾ,” ಎಂದಳು ರೀಟಾ. “ಎರೆಹುಳ ಮತ್ತ ಅಗೆದು ತಗಿಯೂಣು. ದಡದಾಗೂ ಮೀನು ಸಿಗ್ತಾವ.”

“ಎಲ್ಲಿ ಕಾಲಿಡ್ಲಿ ಹೇಳವ್ವಾ,” ಅಪ್ಪ ಮಗಳನ್ನು ಕೇಳಿದ.

ಮಧುಮತಿ ಕೋಲು ಊರಿ ನೋಡಿದಳು. “ಇಲ್ಲಿ.”

ಅವಳು ಕಾಲಿಟ್ಟಲ್ಲೇ ಅಪ್ಪನೂ ಕಾಲಿಟ್ಟ. ಅವನ ಕೈ ಅವಳ ಹೆಗಲನ್ನು ಬಿಗಿಯಾಗಿ ಹಿಡಿದಿತ್ತು. ಮಧುಮತಿ ಹೆಜ್ಜೆಯನ್ನು ಇನ್ನಷ್ಟು ನಿಧಾನ ಮಾಡಿದಳು.